ಸಹಾಯ ಬೇಕು: ಕಾರವಾರ ಹತ್ರ ಕೊಂಕಣಿ ಬಲ್ಲ ಕೌನ್ಸೆಲರ್ ಯಾರಾದ್ರೂ ಇದ್ದೀರಾ?

ಎಲ್ರಿಗೂ ನಮಸ್ಕಾರ. ನಾನು ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ) ವಿದ್ಯಾರ್ಥಿನಿ. ಈ ಸೆಮಿಸ್ಟರ್ ಇಂಟರ್ನ್‌ಶಿಪ್ ಕಾರವಾರದ ಒಂದು ಕ್ಯಾಂಪಸ್‌ನಲ್ಲಿ. ವಿದ್ಯಾರ್ಥಿಗಳ ಆರೋಗ್ಯ, ನೆಮ್ಮದಿಗೆ ಸಂಬಂಧಪಟ್ಟ ಕೆಲಸ.

ಯೋಗ, ಪೋಸ್ಟರು, ಟಾಗೋರ್ ಬೀಚಲ್ಲಿ ಬೆಳಗಿನ ವಾಕಿಂಗು ಹೇಗೋ ನಡೀತಿದೆ. (ಯೋಗ ದಿನ ಫೋಟೋಕ್ಕೆ ನಿಂತವರು ಮರುದಿನ ನಾಪತ್ತೆ, ಅದು ಬಿಡಿ.) ತಲೆಬಿಸಿ ಆಗಿರೋದು ಚೀಟಿ ಡಬ್ಬದ್ದು. ಹೆಸರು ಬರೀದೆ ಏನು ಬೇಕಾದ್ರೂ ಕೇಳಿ ಅಂತ ಲೈಬ್ರರಿ ಬಾಗಿಲ ಹತ್ರ ಇಟ್ಟಿದ್ವಿ. ತೂಕ, ಕೂದಲು ಉದುರೋದು ಇಂಥದ್ದೇ ಬರ್ತದೆ ಅಂದ್ಕೊಂಡ್ರೆ, ಬಂದಿದ್ದೆಲ್ಲ ನಿದ್ದೆ, ಪರೀಕ್ಷೆ, ಮನೆ ಸಾಲದ ಮಾತು. ಒಂದು ಬಸ್ ಟಿಕೆಟ್ ಹಿಂದೆ ಪೆನ್ಸಿಲ್‌ನಲ್ಲಿ, "ರಾತ್ರಿ ಎದೆ ಡವಡವ ಅಂತದೆ, ಆಯಿಗೆ (ಅಮ್ಮನಿಗೆ) ಹೇಳಬೇಡಿ" ಅಂತಿತ್ತು. ಇದಕ್ಕೆಲ್ಲ ಉತ್ತರ ಕೊಡೋ ತರಬೇತಿ ನನಗಿಲ್ಲ, ಕೊಡಲೂಬಾರದು.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರು ಹಾಸ್ಟೆಲ್ ಗೋಡೆಗೆ ಹಚ್ಚಿದ್ದೇವೆ. ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡ್ಬಹುದು. ಆದ್ರೆ ರೂಮಲ್ಲಿ ನಾಲ್ಕು ಜನ ಇರ್ತಾರೆ, ಫೋನಲ್ಲಿ ಇದನ್ನೆಲ್ಲ ಹೇಳೋದು ಎಲ್ಲಿ ನಿಂತು?

ಹಾಗಾಗಿ ಕಾರವಾರ, ಅಂಕೋಲಾ, ಕುಮಟಾ ಕಡೆಯ ತರಬೇತಿ ಪಡೆದ ಕೌನ್ಸೆಲರ್ ಯಾರಾದ್ರೂ ವಾರಕ್ಕೊಂದು ಮಧ್ಯಾಹ್ನ ಬರ್ಲಿಕ್ಕೆ ಆಗ್ತದಾ? ಕೊಂಕಣಿ ಬಂದ್ರೆ ತುಂಬಾ ಉಪಕಾರ. ಬಸ್ ಚಾರ್ಜು, ಊಟ ನಮ್ದು. ಫೀಸು ಕೊಡೋ ಶಕ್ತಿ ಇಲ್ಲ. ಬೇರೆ ಕಾಲೇಜಲ್ಲಿ ಇಂಥ ಡಬ್ಬ ಇಟ್ಟವರಿದ್ರೆ, ಹೆಸರಿಲ್ಲದ ಚೀಟಿಗೆ ಉತ್ತರ ಹೇಗೆ ಮುಟ್ಟಿಸಿದ್ರಿ, ಅದನ್ನೂ ಹೇಳಿ. ಪರೀಕ್ಷೆ ಹತ್ರ ಬಂತು, ದಯವಿಟ್ಟು ಬೇಗ ಇನ್‌ಬಾಕ್ಸ್ ಮಾಡಿ.