ಸಹಾಯ ಬೇಕು: ಶುಗರ್‌ನಿಂದ ಕಾಲು ಹೋದವರಿಗೆ ಅಂಗವಿಕಲರ ಪಿಂಚಣಿ

ಎಲ್ಲರಿಗೂ ನಮಸ್ಕಾರ. ನಮ್ಮದು ಸಿಂಧನೂರು ಹತ್ತಿರದ ಹಳ್ಳಿ. ಅಪ್ಪನಿಗೆ ಹಳೇ ಶುಗರ್. ಪಾದ ಜೋಮು ಹಿಡಿದಂತೆ ಇತ್ತು. ಗದ್ದೆಯಲ್ಲಿ ಮುಳ್ಳು ಚುಚ್ಚಿದ್ದು ಗೊತ್ತಾಗಿದ್ದೇ ಕೀವು ತುಂಬಿದ ಮೇಲೆ. ಎಡಗಾಲನ್ನು ಮೊಣಕಾಲ ಕೆಳಗೆ ತೆಗೆದಿದ್ದಾರೆ. ಕಣ್ಣೂ ಮಂಜು.

ಪಿಂಚಣಿ ಕೇಳಿದರೆ ಕಚೇರಿಯಲ್ಲಿ 'ಶುಗರ್‌ಗೆಲ್ಲಾ ಕೊಡಲ್ಲ' ಅಂದರು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಹೇಳುವ 21 ಬಗೆಯ ಅಂಗವೈಕಲ್ಯಗಳಲ್ಲಿ ಶುಗರ್ ಇಲ್ಲ, ಸರಿ. ಆದರೆ ಕಾಲಿನ ಊನ, ದೃಷ್ಟಿ ದೋಷ ಇವೆ ಅಲ್ವಾ? ಕಾರಣ ಯಾವುದಾದರೇನು, ಅಂಗವೈಕಲ್ಯ ಶೇ 40 ಇದ್ದರೆ ಆಯ್ತಲ್ಲ.

ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್‌ಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದ್ದೇವೆ. ರಾಯಚೂರಿಗೆ ತಪಾಸಣೆಗೆ ಹೋಗುವಾಗ ಆಧಾರ್, ಡಿಸ್ಚಾರ್ಜ್ ಚೀಟಿ ಬಿಟ್ಟು ಇನ್ನೇನು ಒಯ್ಯಬೇಕು? ಕಾಲು, ಕಣ್ಣು ಒಂದೇ ದಿನ ನೋಡುತ್ತಾರಾ? ಅಪ್ಪನನ್ನು ಬಸ್ಸು ಹತ್ತಿಸುವುದೇ ದೊಡ್ಡ ಪಾಡು. ಮಾಡಿಸಿಕೊಂಡವರು ದಯವಿಟ್ಟು ತಿಳಿಸಿ.