ಎರಡಕ್ಕೂ ‘ಆರ್’ ಬಂದ ಇಂಜೆಕ್ಷನ್‌ಗಳನ್ನೇ ಸೇರಿಸಿ ಕೊಡುತ್ತಾರಂತೆ, ಜೊತೆಗೆ ಟ್ರಯಲ್ ಫಾರ್ಮ್ ಬೇರೆ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮ ಸೋದರಮಾವನಿಗೆ 61 ವರ್ಷ, ಶುಗರ್ ಇದೆ. ಹನ್ನೆರಡು ದಿನದಿಂದ ಐಸಿಯುನಲ್ಲಿದ್ದಾರೆ. ರಕ್ತದ ಕಲ್ಚರ್‌ನಲ್ಲಿ ಕ್ಲೆಬ್ಸಿಯೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಬಂದಿದೆ. ರಿಪೋರ್ಟ್ ತುಂಬಾ ಬರೀ ಆರ್, ಆರ್, ಆರ್ (ರೆಸಿಸ್ಟೆಂಟ್, ಅಂದರೆ ಆ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗುವುದಿಲ್ಲ ಅಂತ). ಮೆರೊಪೆನೆಮ್ ಅನ್ನೋ ಆ್ಯಂಟಿಬಯೋಟಿಕ್‌ಗೂ ಆರ್. ಕೆಳಗೆ ಎನ್‌ಡಿಎಂ ಅಂತ ಬರೆದಿದ್ದಾರೆ. ಅಜ್ಟ್ರಿಯೋನಮ್‌ಗೆ ಆರ್, ಸೆಫ್ಟಾಜಿಡೈಮ್-ಅವಿಬ್ಯಾಕ್ಟಮ್‌ಗೂ ಆರ್, ಆದರೆ ಆ ಎರಡನ್ನೇ ಸೇರಿಸಿ ಕೊಡುತ್ತೇವೆ ಅನ್ನುತ್ತಾರೆ. ಸೊನ್ನೆಗೆ ಸೊನ್ನೆ ಕೂಡಿಸಿದರೆ ಸೊನ್ನೆ ಅಲ್ವಾ? ಅದರ ಮೇಲೆ ಹೊಸ ಜೋಡಿ ಔಷಧದ ಟ್ರಯಲ್ ಇದೆ, ಸೇರುತ್ತೀರಾ ಅಂತ ಇಂಗ್ಲಿಷ್‌ನಲ್ಲಿ ಒಂದು ಫಾರ್ಮ್ ಕೊಟ್ಟಿದ್ದಾರೆ. ‘ನಮ್ಮೋರನ್ನ ಇಲಿ ಮಾಡ್ಬಿಡ್ತಾರೆ’ ಅಂತ ಅತ್ತೆ ಅಳುತ್ತಾ ಕೂತಿದ್ದಾರೆ.

ಉತ್ತರ: ನಾನು ಮೈಕ್ರೋಬಯಾಲಜಿ ಲ್ಯಾಬಿನವನು, ನಿಮ್ಮ ಮಾವನನ್ನು ನೋಡಿಲ್ಲ. ಏನು ಕೊಡಬೇಕು ಅನ್ನೋದು ಅಲ್ಲಿನ ಡಾಕ್ಟರದೇ ತೀರ್ಮಾನ. ಆದರೆ ಈ ಸೊನ್ನೆ ಲೆಕ್ಕ ಬಿಡಿಸಿ ಹೇಳಬಲ್ಲೆ.

ಎನ್‌ಡಿಎಂ ಅನ್ನೋದು ಬ್ಯಾಕ್ಟೀರಿಯಾ ತಯಾರಿಸುವ ಒಂದು ಕಿಣ್ವ. ಮೆರೊಪೆನೆಮ್‌ನಂಥ ಔಷಧವನ್ನೂ ಕತ್ತರಿಸಿ ಹಾಕುತ್ತದೆ. (ಹೆಸರಿನಲ್ಲಿರುವ ಎನ್‌ಡಿ ಅಂದರೆ ನವದೆಹಲಿ. ದೆಹಲಿಯ ಆಸ್ಪತ್ರೆಯಲ್ಲಿದ್ದು ಸ್ವೀಡನ್‌ಗೆ ಮರಳಿದ ಒಬ್ಬ ರೋಗಿಯಲ್ಲಿ 2008ರಲ್ಲಿ ಮೊದಲು ಸಿಕ್ಕಿತು. ಆ ಹೆಸರಿಗೆ ನಮ್ಮಲ್ಲಿ ದೊಡ್ಡ ಗಲಾಟೆಯೇ ಆಯಿತು.) ಆದರೆ ಈ ಕಿಣ್ವಕ್ಕೆ ಅಜ್ಟ್ರಿಯೋನಮ್ ಮಾತ್ರ ಕತ್ತರಿಸಲು ಬರುವುದಿಲ್ಲ. ಮತ್ತೆ ಆರ್ ಯಾಕೆ ಬಂತು? ಎನ್‌ಡಿಎಂ ಇರುವ ಕ್ಲೆಬ್ಸಿಯೆಲ್ಲಾದಲ್ಲಿ ಇಎಸ್‌ಬಿಎಲ್‌ನಂಥ ಬೇರೆ ಕಿಣ್ವಗಳೂ ಸಾಮಾನ್ಯವಾಗಿ ಜೊತೆಗಿರುತ್ತವೆ, ಅಜ್ಟ್ರಿಯೋನಮ್ ಕಥೆ ಮುಗಿಸೋದು ಅವು. ಅವಿಬ್ಯಾಕ್ಟಮ್ ಆ ಬೇರೆಯವುಗಳ ಬಾಯಿ ಕಟ್ಟುತ್ತದೆ, ಎನ್‌ಡಿಎಂ ಎದುರು ಅದರ ಆಟ ನಡೆಯುವುದಿಲ್ಲ. ಅಂದರೆ ಒಬ್ಬ ದಾರಿ ಬಿಡಿಸುತ್ತಾನೆ, ಇನ್ನೊಬ್ಬ ಹೊಡೆಯುತ್ತಾನೆ. ಸೆಫ್ಟಾಜಿಡೈಮ್‌ಗೆ ಇಲ್ಲಿ ಹೆಚ್ಚು ಕೆಲಸವಿಲ್ಲ, ಅವಿಬ್ಯಾಕ್ಟಮ್ ಅದರ ಜೊತೆಗೇ ಸಿಗುತ್ತದೆ ಅಂತ ಆ ಇಂಜೆಕ್ಷನ್, ಅಷ್ಟೇ. ಅಜ್ಟ್ರಿಯೋನಮ್-ಅವಿಬ್ಯಾಕ್ಟಮ್ ಒಂದೇ ಇಂಜೆಕ್ಷನ್ ಆಗಿ ಬಂದದ್ದು ಮೊನ್ನೆ ಮೊನ್ನೆ: ಯುರೋಪಿನಲ್ಲಿ 2024ರಲ್ಲಿ, ಅಮೆರಿಕದಲ್ಲಿ 2025ರಲ್ಲಿ ಒಪ್ಪಿಗೆ ಸಿಕ್ಕಿತು.

ಲ್ಯಾಬಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ನಾಲ್ಕು ಸಣ್ಣ ಟ್ಯೂಬ್‌ಗಳಲ್ಲಿ ಬ್ರಾತ್, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ದ್ರವ, ತೆಗೆದುಕೊಳ್ಳುತ್ತೇವೆ. ಒಂದನ್ನು ಹಾಗೇ ಬಿಟ್ಟು, ಒಂದಕ್ಕೆ ಅಜ್ಟ್ರಿಯೋನಮ್ ಡಿಸ್ಕ್, ಇನ್ನೊಂದಕ್ಕೆ ಸೆಫ್ಟಾಜಿಡೈಮ್-ಅವಿಬ್ಯಾಕ್ಟಮ್ ಡಿಸ್ಕ್, ನಾಲ್ಕನೆಯದಕ್ಕೆ ಎರಡೂ ಹಾಕುತ್ತೇವೆ. ಡಿಸ್ಕ್ ಅಂದರೆ ಔಷಧ ಹೀರಿಸಿದ ಕಾಗದದ ಪುಟ್ಟ ಬಿಲ್ಲೆ. ಔಷಧ ಬ್ರಾತ್‌ಗೆ ಇಳಿದ ಮೇಲೆ ರೋಗಿಯ ಬ್ಯಾಕ್ಟೀರಿಯಾ ಸೇರಿಸಿ ರಾತ್ರಿ ಇನ್‌ಕ್ಯುಬೇಟರ್‌ನಲ್ಲಿಡುತ್ತೇವೆ. ಬೆಳಿಗ್ಗೆ ಮೂರು ಟ್ಯೂಬ್ ಅಕ್ಕಿ ತೊಳೆದ ನೀರಿನ ಹಾಗೆ ಕದಡಿರುತ್ತವೆ, ನಾಲ್ಕನೆಯದು ತಿಳಿಯಾಗಿದ್ದರೆ ಜೋಡಿ ಕೆಲಸ ಮಾಡಿದೆ ಅಂತ. ಈ ಟೆಸ್ಟ್ ಆಗಿದೆಯಾ ಅಂತ ನಿಮ್ಮ ಡಾಕ್ಟರನ್ನು ಕೇಳಿ.

ಪ್ರಶ್ನೆ: ಸರ್, ನಾನು ಐಸಿಯು ಸ್ಟಾಫ್ ನರ್ಸ್. ಇವೆರಡನ್ನೂ ಒಂದೇ ಹೊತ್ತಿಗೆ ಹಾಕಿ ಅಂತ ಡಾಕ್ಟರ್ ಪಟ್ಟು ಹಿಡಿಯುತ್ತಾರೆ. ಡ್ರಿಪ್ ಹಾಕುವ ಲೈನ್ ಸಾಲದೆ ಒದ್ದಾಡುತ್ತೇವೆ. ಅರ್ಧ ಗಂಟೆ, ಒಂದು ಗಂಟೆ ಹಿಂದೆಮುಂದೆ ಆದರೆ ಏನಾಗುತ್ತದೆ?

ಉತ್ತರ: ಸಿಸ್ಟರ್, ಅವರು ಪಟ್ಟು ಹಿಡಿಯೋದು ಸರಿ. ಬಾಯಿ ಕಟ್ಟುವವನು ಮನೆಗೆ ಹೋದ ಮೇಲೆ ಹೊಡೆಯುವವನು ಬಂದರೆ ಏನು ಪ್ರಯೋಜನ? ಎರಡೂ ರಕ್ತದಲ್ಲಿ ಒಟ್ಟಿಗೆ ಇರಬೇಕು. ಲೈನ್ ಸಾಲದಿದ್ದರೆ ಸುಮ್ನೆ ಸಮಯ ತಳ್ಳಬೇಡಿ, ಡ್ಯೂಟಿ ಡಾಕ್ಟರಿಗೆ ಆಗಲೇ ಹೇಳಿ.

ಪ್ರಶ್ನೆ: ಹಾಗಾದರೆ ಕೊಲಿಸ್ಟಿನ್ ಅನ್ನೋ ಆ್ಯಂಟಿಬಯೋಟಿಕ್ ಕೂಡ ಸೇರಿಸಿಬಿಡಲಿ ಬಿಡಿ. ನಮ್ಮ ತಂದೆಗೆ ಮೂರು ಕೊಟ್ಟಿದ್ದರು. ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ವಾ?

ಉತ್ತರ: ಇಲ್ಲ. ಸಾರಿಗೆ ಕೈಗೆ ಸಿಕ್ಕಿದ ಪುಡಿಯನ್ನೆಲ್ಲ ಹಾಕಿದ ಹಾಗೆ ಆಗುತ್ತದೆ. ಕೊಲಿಸ್ಟಿನ್ ಕಿಡ್ನಿಗೆ ಪೆಟ್ಟು ಕೊಡುತ್ತದೆ, ಕೊಟ್ಟಾಗಲೆಲ್ಲ ಕಿಡ್ನಿ ಸ್ಥಿತಿ ತೋರಿಸುವ ಕ್ರಿಯೇಟಿನಿನ್ ಟೆಸ್ಟ್ ಮೇಲೆ ಕಣ್ಣಿಟ್ಟಿರಬೇಕು. ಕೊಲಿಸ್ಟಿನ್ ಜೊತೆ ಮೆರೊಪೆನೆಮ್ ಸೇರಿಸಿದರೆ ಲ್ಯಾಬಿನಲ್ಲಿ ಚೆನ್ನಾಗಿ ಕಾಣಿಸುತ್ತಿತ್ತು, ನಾವೆಲ್ಲ ನಂಬಿದ್ದೆವು. ಇಸ್ರೇಲ್, ಗ್ರೀಸ್, ಇಟಲಿಯಲ್ಲಿ 406 ರೋಗಿಗಳ ಮೇಲೆ ಟ್ರಯಲ್ ಮಾಡಿ ನೋಡಿದರು, ಫಲಿತಾಂಶ 2018ರಲ್ಲಿ ಬಂತು. 14ನೇ ದಿನಕ್ಕೆ ಚಿಕಿತ್ಸೆ ವಿಫಲವಾದದ್ದು ಕೊಲಿಸ್ಟಿನ್ ಮಾತ್ರ ಕೊಟ್ಟವರಲ್ಲಿ 79%, ಎರಡೂ ಕೊಟ್ಟವರಲ್ಲಿ 73%. ಲೆಕ್ಕಕ್ಕೆ ಹಿಡಿಯುವಷ್ಟು ವ್ಯತ್ಯಾಸವಲ್ಲ. ಅವರಲ್ಲಿ ಹೆಚ್ಚಿನವರಿಗಿದ್ದದ್ದು ಅಸಿನೆಟೋಬ್ಯಾಕ್ಟರ್ ಅನ್ನೋ ಬೇರೆ ಬ್ಯಾಕ್ಟೀರಿಯಾ, ಹಾಗಾಗಿ ಅದನ್ನೇ ಕ್ಲೆಬ್ಸಿಯೆಲ್ಲಾಕ್ಕೆ ನೇರ ಅಂಟಿಸಬಾರದು ಅನ್ನೋದೂ ನಿಜ. ಆದರೂ ಟ್ಯೂಬ್‌ನಲ್ಲಿ ಗೆದ್ದದ್ದು ಮೈಯಲ್ಲಿ ಗೆಲ್ಲಲೇಬೇಕೆಂದಿಲ್ಲ ಅಂತ ನನಗೆ ಅರ್ಥವಾದದ್ದು ಆಗಲೇ.

ಪ್ರಶ್ನೆ (ಮೊದಲು ಕೇಳಿದವರು): ಟ್ರಯಲ್ ಬಗ್ಗೆ ಹೇಳಲೇ ಇಲ್ಲ ಸರ್. ಸಹಿ ಹಾಕಲಾ, ಬೇಡವಾ?

ಉತ್ತರ: ಹಾಕಿ ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ಅತ್ತೆಯವರ ಭಯಕ್ಕೆ ಮಾತ್ರ ಒಂದು ಮಾತು. ಇಂಥ ಸೋಂಕಿನ ಟ್ರಯಲ್‌ಗಳಲ್ಲಿ ಒಂದು ಗುಂಪಿಗೆ ಹೊಸದು, ಇನ್ನೊಂದಕ್ಕೆ ಈಗಿರುವುದರಲ್ಲಿ ಒಳ್ಳೆಯ ಚಿಕಿತ್ಸೆ ಕೊಡುತ್ತಾರೆ, ನೀರಿನ ಇಂಜೆಕ್ಷನ್ ಕೊಟ್ಟು ಕೂರಿಸುವುದಿಲ್ಲ. ಯಾರು ಯಾವ ಗುಂಪು ಅನ್ನೋದು ಲಾಟರಿ. ಇದು ಕೆಲವರಿಗೆ ಕ್ರೂರ ಅನಿಸುತ್ತದೆ, ಆದರೆ ಲಾಟರಿ ಇಲ್ಲದಿದ್ದರೆ ಏನಾಗುತ್ತದೆ ನೋಡಿ. ನಿಮ್ಮ ಮಾವನಿಗೆ ಹೇಳಿದ ಜೋಡಿಯನ್ನೇ ಇಟಲಿ, ಗ್ರೀಸ್‌ನ 102 ರೋಗಿಗಳಲ್ಲಿ ಗಮನಿಸಿದ್ದರು. 30 ದಿನದಲ್ಲಿ ಸಾವು ಜೋಡಿ ಪಡೆದವರಲ್ಲಿ 19%, ಬೇರೆ ಔಷಧ ಪಡೆದವರಲ್ಲಿ 44%. ದೊಡ್ಡ ವ್ಯತ್ಯಾಸ. ಆದರೆ ಯಾರಿಗೆ ಯಾವುದು ಅಂತ ಆರಿಸಿದ್ದು ಡಾಕ್ಟರುಗಳೇ, ಹಾಗಾಗಿ ಗೆದ್ದದ್ದು ಪೂರ್ತಿ ಔಷಧವೇನಾ ಅನ್ನೋ ಅನುಮಾನ ಉಳಿದೇ ಉಳಿಯುತ್ತದೆ.

ಇನ್ನು ಆ ಇಂಗ್ಲಿಷ್ ಫಾರ್ಮ್. ಅದು ಸರಿಯಲ್ಲ. ಮಾಹಿತಿ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಕನ್ನಡ ಪ್ರತಿ ಕೇಳಿ. ಮಾವನಿಗೆ ಪ್ರಜ್ಞೆ ಇದ್ದರೆ ಸಹಿ ಅವರದು, ಇಲ್ಲದಿದ್ದರೆ ಅವರ ಪರವಾಗಿ ಕಾನೂನು ಒಪ್ಪುವ ಹತ್ತಿರದವರದು, ಇಲ್ಲಿ ಅತ್ತೆಯೇ. 2019ರ ನಿಯಮದ ಪ್ರಕಾರ ಟ್ರಯಲ್‌ನಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಕೊಡಬೇಕು, ಪರಿಹಾರವೂ ಇದೆ. ಯಾವಾಗ ಬೇಕಾದರೂ ಹೊರಗೆ ಬರಬಹುದು, ಹಾಗೆ ಬಂದರೆ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಎಥಿಕ್ಸ್ ಕಮಿಟಿಯ (ಟ್ರಯಲ್‌ಗೆ ಸೇರಿದವರ ಹಿತ ಕಾಯುವ ಸಮಿತಿ) ಫೋನ್ ನಂಬರ್, ಸಿಟಿಆರ್‌ಐ (ಭಾರತದ ಟ್ರಯಲ್‌ಗಳ ದಾಖಲೆ ಪಟ್ಟಿ) ನೋಂದಣಿ ನಂಬರ್ ಎರಡನ್ನೂ ಬರೆದುಕೊಳ್ಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಸಹಿ ಹಾಕುವ ಆತುರ ಬೇಡ.

ಮೊದಲು ಕೇಳಿದವರು: ಕನ್ನಡದ್ದು ಇದೆಯಂತೆ ಸರ್, ಕೇಳಿದ ಮೇಲೆ ಹೇಳಿದರು. ಒಂಬತ್ತು ಪುಟ. ನಾಲ್ಕು ಟ್ಯೂಬ್ ಟೆಸ್ಟ್ ನಿನ್ನೆ ರಾತ್ರಿಯೇ ಇಟ್ಟಿದ್ದಾರಂತೆ, ಮಧ್ಯಾಹ್ನ ಗೊತ್ತಾಗುತ್ತದೆ. ಅಲ್ಲಿಯವರೆಗೆ ಅತ್ತೆಗೆ ಫಾರ್ಮ್ ಓದಿ ಹೇಳುತ್ತಿರುತ್ತೇನೆ.