ಗಾಳಿ ಕಮ್ಮಿ ಇದ್ದಾಗ ಟ್ರೈಮರಾನ್‌ಗೆ ಯಾವ ಹಾಯಿ? ಸ್ಕ್ರೀಚರ್ರಾ, ಸ್ಪಿನ್ನೇಕರ್ರಾ?

ಹಳೇದೋಣಿ:
ಎಲ್ರಿಗೂ ನಮಸ್ಕಾರ. ಮೇರಿಲ್ಯಾಂಡ್‌ನಲ್ಲಿದೀನಿ, ಹೋದ ವರ್ಷ ಸೆಕೆಂಡ್ ಹ್ಯಾಂಡ್ ಕೋರ್ಸೇರ್ ಎಫ್-27 ತಗೊಂಡೆ, ಅದೇ ಇಯಾನ್ ಫ್ಯಾರಿಯರ್ ಡಿಸೈನ್ ಮಾಡಿದ್ದ ಮಡಚೋ ಟ್ರೈಮರಾನ್, ಮೂರು ಒಡಲಿನ ಹಾಯಿದೋಣಿ. 27 ಅಡಿ ಇದ್ರೂ ತೂಕ ಸುಮಾರು 1200 ಕೆಜಿ ಅಷ್ಟೇ, ಒಂಚೂರು ಗಾಳಿ ಸಿಕ್ರೂ ಓಡುತ್ತೆ. ಆದ್ರೆ ಜುಲೈ-ಆಗಸ್ಟ್‌ನಲ್ಲಿ ಚೆಸಪೀಕ್ ಬೇನಲ್ಲಿ ಆ ಒಂಚೂರಿಗೂ ಬರ. ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ಇಲ್ಲಿ 5-6 ನಾಟ್ (ಗಂಟೆಗೆ ಸುಮಾರು ಹತ್ತು ಕಿಮೀ) ಬಂದ್ರೆ ಪುಣ್ಯ, ನಿಂತಲ್ಲೇ ನಿಂತು ಜೆಲ್ಲಿಫಿಶ್ ಎಣಿಸ್ತಾ ಕೂರೋದು. ಯಾವುದೋ ಭಾರಿ ಕ್ರೂಸಿಂಗ್ ಬೋಟಿನ ಹಳೇ ಅಸಿಮೆಟ್ರಿಕ್ ಸ್ಪಿನ್ನೇಕರ್, ಅದೇ ಹೊಟ್ಟೆ ಉಬ್ಬೋ ತೆಳು ನೈಲಾನ್ ಹಾಯಿ, ಅಗ್ಗಕ್ಕೆ ಸಿಕ್ತು ಅಂತ ತಂದೆ, ಮಾರಿದವ್ನು ನಿಮ್ ಬೋಟ್‌ಗೂ ಆಗುತ್ತೆ ಅಂದಿದ್ದ. ಗಾಳಿ ಪಕ್ಕದಿಂದ ಬರ್ತಿರುವಾಗ ಏರಿಸಿದ್ರೆ ಎರಡು ನಿಮಿಷ ಉಬ್ಬಿ ಆಮೇಲೆ ಮಡಿಚ್ಕೊಂಡು ಬೀಳುತ್ತೆ. ಹಾಯಿದೇ ತಪ್ಪಾ ನಂದಾ? ಒಂದೇ ಹೊಸ ಹಾಯಿಗೆ ದುಡ್ಡಿದೆ, ಬೋಟಲ್ಲಿ ನಾನು, ನನ್ ಹೆಂಡ್ತಿ ಇಬ್ರೇ.

ಕಡಲಕಾಗೆ:
ನಿಮ್ದಲ್ಲ ಸಾರ್, ಹಾಯಿದೂ ಅಲ್ಲ, ಜೋಡಿ ಸರಿಯಿಲ್ಲ ಅಷ್ಟೇ. ನಿಜವಾದ ಗಾಳಿ 6 ನಾಟ್, ಸರಿಯಾಗಿ ಪಕ್ಕದಿಂದ ಬರ್ತಿದೆ ಅಂತಿಟ್ಕೊಳಿ. ಭಾರದ ಬೋಟು 3 ನಾಟಲ್ಲಿ ತೆವಳುತ್ತೆ, ಅದಕ್ಕೆ ಅಪರೆಂಟ್ ವಿಂಡ್, ಅಂದ್ರೆ ಓಡ್ತಿರೋ ಬೋಟಿಗೆ ತಗಲೋ ಗಾಳಿ, ಮೂತಿಯಿಂದ 63 ಡಿಗ್ರಿ ಕೋನದಲ್ಲಿ ಬರುತ್ತೆ. ನಿಮ್ದು 6 ನಾಟ್ ಓಡಿದ್ರೆ ಅದೇ ಗಾಳಿ 45 ಡಿಗ್ರಿಗೆ ಮುಂದೆ ಬಂದು ಎಂಟೂವರೆ ನಾಟ್ ಆಗ್ಬಿಡುತ್ತೆ, ಅಂದ್ರೆ ಬೋಟು ತನ್ನ ಗಾಳಿ ತಾನೇ ಮಾಡ್ಕೊಂಡು ಎದುರ್ಗಾಳಿ ಹತ್ರ ಹತ್ರ ತಂದ್ಕೊಳುತ್ತೆ, ಆ ಕೋನಕ್ಕೆ ಹೊಟ್ಟೆ ಇರೋ ಹಾಯಿ ನಿಲ್ಲಲ್ಲ. ಚಪ್ಪಟೆ ಹಾಯಿ ಬೇಕು, ಸ್ಕ್ರೀಚರ್ ಅಥವಾ ಕೋಡ್ ಜೀರೋ. ಈ ಕೋಡ್ ಜೀರೋ ಹೆಸರು ಮಾಡಿದ್ದು 1997-98ರ ವಿಟ್‌ಬ್ರೆಡ್ ಅನ್ನೋ ಭೂಮಿ ಸುತ್ತೋ ರೇಸ್‌ನಲ್ಲಿ, ಪಾಲ್ ಕೇಯಾರ್ಡ್ ಗೆದ್ದ ಇಎಫ್ ಲ್ಯಾಂಗ್ವೇಜ್ ಬೋಟ್‌ನಲ್ಲಿ.

ಹಳೇದು ಕೊಳ್ಳೋದಾದ್ರೆ ಟೇಪ್ ತಗೊಂಡು ಹೋಗಿ. ಹಾಯಿಯ ನಡುವಿನ ಅಗಲ, ತಳದ ಅಗಲ ಎರಡೂ ಅಳೀರಿ. ರೇಸಿಗೆ ಹೊಲಿದಿದ್ರೆ ಸಾಮಾನ್ಯವಾಗಿ ನಡು ತಳದ 75% ಆದ್ರೂ ಇರುತ್ತೆ, ಸ್ಪಿನ್ನೇಕರ್ ಅನ್ನಿಸ್ಕೊಳೋಕೆ ಹಲವು ರೇಸ್ ರೂಲ್‌ಗಳಲ್ಲಿ ಅಷ್ಟು ಬೇಕಿತ್ತು. ಸುಮ್ನೆ ಸುತ್ತಾಡೋರಿಗೆ ಅದಕ್ಕಿಂತ ಸಣ್ಣ ನಡು ಇರೋದೇ ವಾಸಿ, ಹಿಂದಿನ ಅಂಚು ಪಟಪಟ ಅನ್ನಲ್ಲ.

ಬೇಫ್ರಂಟ್ ಅಕ್ಕ:
ಕಾಗೆಯವ್ರು ಹೇಳಿದ್ದು ಸರಿ ಆದ್ರೆ ಖರ್ಚಿನ ಮಾತೇ ಎತ್ತಿಲ್ಲ. ಲಫ್, ಅಂದ್ರೆ ಹಾಯಿಯ ಮುಂದಿನ ಅಂಚು, ಬಿಗಿಯಾಗಿ ನಿಲ್ಲದಿದ್ರೆ ಚಪ್ಪಟೆ ಹಾಯಿ ದುಡ್ಡು ದಂಡ. ಅದಕ್ಕೆ ತಿರುಚದ ಹಗ್ಗ, ಹಾಯಿ ಸುತ್ತೋ ಫರ್ಲರ್, 2:1 ಹ್ಯಾಲ್ಯಾರ್ಡ್ (ಎಳೆಯೋ ಬಲ ಇಮ್ಮಡಿ ಮಾಡೋ, ಹಾಯಿ ಏರಿಸೋ ಹಗ್ಗ), ಬೌಸ್ಪ್ರಿಟ್ (ಮೂತಿಯಿಂದ ಮುಂದಕ್ಕೆ ಚಾಚಿದ ಕಂಬ) ಮೇಲಕ್ಕೆ ಬಾಗದ ಹಾಗೆ ಕೆಳಗಿಂದ ಎಳೆದು ಹಿಡಿಯೋ ಬಾಬ್‌ಸ್ಟೇ, ಇಷ್ಟೂ ಬೇಕು. ನಮ್ಮನೇಲಿ ಹಾಯಿ ತಂದ್ಮೇಲೆ ಆರು ತಿಂಗ್ಳು ಗ್ಯಾರೇಜಲ್ಲೇ ಬಿದ್ದಿತ್ತು, ಫರ್ಲರ್‌ಗೆ ದುಡ್ಡಿಲ್ದೆ.

ಹಳೇದೋಣಿ:
ಅಯ್ಯೋ ಅಕ್ಕ 😅 ಬೌಸ್ಪ್ರಿಟ್ ಇದೆ, ಬಾಬ್‌ಸ್ಟೇ ಇಲ್ಲ. ಸುತ್ತಿದ ಮೇಲೆ ಮೇಲೇ ಬಿಟ್ಟಿರಬಹುದಾ?

ಬೇಫ್ರಂಟ್ ಅಕ್ಕ:
ಬೇಡಪ್ಪ, ಇಳಿಸಿ ಚೀಲಕ್ಕೆ ಹಾಕಿ. ಬಿಸಿಲು ತಿನ್ನುತ್ತೆ, ಅದಕ್ಕಿಂತ ಮುಖ್ಯ ಇಲ್ಲಿ ಮಧ್ಯಾಹ್ನದ ಗುಡುಗು ಮಳೆ. ಗಾಳಿ ದಿಢೀರಂತ ಎದ್ದಾಗ ಸುತ್ತಿದ ಹಾಯಿ ಮೇಲ್ಗಡೆ ಬಿಚ್ಕೊಂಡ್ರೆ ಇಬ್ರಿಂದ ಆಗಲ್ಲ. ಪಶ್ಚಿಮದಲ್ಲಿ ಮೋಡ ಕಪ್ಪಾದ್ರೆ ಮೊದಲು ಇಳಿಸಿ, ಕಾಫಿ ಆಮೇಲೆ. ಟ್ಯಾಕ್ ಮಾಡೋವಾಗ್ಲೂ, ಅಂದ್ರೆ ಮೂತಿಯನ್ನ ಗಾಳಿ ದಾಟಿಸಿ ತಿರುಗಿಸೋವಾಗ್ಲೂ, ಪೂರ್ತಿ ಸುತ್ತಿ ಆಕಡೆ ಹೋಗಿ ಬಿಚ್ಚಿ, ಹಿಂದೆ ಫೋರ್‌ಸ್ಟೇ (ಹಾಯಿಕಂಬನ ಮುಂದಿಂದ ಹಿಡಿಯೋ ತಂತಿ) ಅಡ್ಡ ಇರುತ್ತಲ್ಲ.

ಮಲ್ಪೆಹುಡ್ಗ:
ನಂದೊಂದು ತಕರಾರು. ಆ ಹಳೇ ನೈಲಾನ್ ಸ್ಪಿನ್ನೇಕರ್ ಮಾರ್ಬೇಡಿ. ಗಾಳಿ ಹಿಂದಿಂದ ಬಂದಾಗ ನೇರ ಹೋಗದೆ ಓರೆಯಾಗಿ ಹೋಗಿ, ನಿಜವಾದ ಗಾಳಿಗೆ 135-140 ಡಿಗ್ರಿಗೆ, ಅಲ್ಲಿ ಹೊಟ್ಟೆ ಹಾಯಿಗೆ ಕೆಲ್ಸ ಇದೆ, ಸ್ಕ್ರೀಚರ್ ನೇತಾಡುತ್ತೆ.

ಹಳೇದೋಣಿ:
ಸರಿ, ಅದು ಇರ್ಲಿ. ಪಕ್ಕದ ಡಾಕ್‌ನವ್ರು ಒಂದು ಹಳೇ ಸ್ಕ್ರೀಚರ್ ಮಾರ್ತಿದಾರೆ, ಭಾನುವಾರ ಟೇಪ್ ಹಿಡ್ಕೊಂಡು ಹೋಗಿ ನಡು ಎಷ್ಟು ಅಂತ ಇಲ್ಲೇ ಹಾಕ್ತೀನಿ. ಬಾಬ್‌ಸ್ಟೇ ವಿಷ್ಯ ಹೆಂಡ್ತಿಗೆ ಇನ್ನೂ ಹೇಳಿಲ್ಲ.